ಮಂದ್ರನಾದದ ಮುದ್ರಣ: ವಿದ್ಯುತ್ ಬಾಸ್ ಗಿಟಾರಿನ ಹಳೆಯ ದನಿಯನ್ನು ಕುರಿತು

ಧ್ವನಿಮುದ್ರಿಕೆಯೂ ಇತಿಹಾಸಕ್ಕೆ ಒಂದು ಆಧಾರವೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆಧಾರವೆಂದು ಒಪ್ಪುವುದು ಬೇರೆ, ಅದನ್ನು ಓದಬಲ್ಲವರಾಗುವುದು ಬೇರೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನೇ ತೆಗೆದುಕೊಳ್ಳೋಣ. ಬಂಡೆಯ ಮೇಲ್ಪದರವು ಕಿತ್ತುಹೋದೆಡೆಯಲ್ಲಿ ಅಕ್ಷರಗಳು ನಷ್ಟವಾಗಿವೆ. ಅಲ್ಲಿ ಸಂಪಾದಕನು ಚುಕ್ಕಿಗಳನ್ನಿಟ್ಟು ಮುಂದೆ ಸಾಗುತ್ತಾನೆಯೇ ಹೊರತು, ಅರಸನು ಆ ಸ್ಥಳದಲ್ಲಿ ಮೌನವಾಗಿದ್ದನೆಂದು ಬರೆಯುವುದಿಲ್ಲ. ಧ್ವನಿಮುದ್ರಿಕೆಯನ್ನು ಕೇಳುವಾಗ ಮಾತ್ರ ಈ ಎಚ್ಚರವು ನಮ್ಮನ್ನು ಬಿಟ್ಟುಹೋಗುತ್ತದೆ. ಕಿವಿಗೆ ಬೀಳದುದು ಇರಲೇ ಇಲ್ಲವೆಂದು ಭಾವಿಸುತ್ತೇವೆ.

ಹೀಗೆ ಭಾವಿಸಿ ನಾವೇ ಒಮ್ಮೆ ಎಡವಿದ್ದೇವೆ. ರಾಯಚೂರು ನಗರ, ದೇವದುರ್ಗ, ಮಾನ್ವಿ ಈ ಮೂರು ಕಡೆಗಳ ಭಜನಾ ಮೇಳಗಳ ಹಾಡುಗಾರಿಕೆಯನ್ನು ನಮ್ಮ ವಿದ್ಯಾರ್ಥಿಗಳು ಮೊಬೈಲ್ ಫೋನಿನಲ್ಲಿ ಮುದ್ರಿಸಿ ತಂದಿದ್ದರು. ಮುದ್ರಿಸಿದವರು ಒಬ್ಬರು, ವಿಭಾಗದಲ್ಲಿ ಕುಳಿತು ಅದನ್ನು ಕೇಳಿ ವಾದ್ಯಗಳ ಪಟ್ಟಿಯನ್ನು ಸಿದ್ಧಪಡಿಸಿದವರು ಮತ್ತೊಬ್ಬರು. ಮಾನ್ವಿಯ ಕಡೆಯ ಒಂದು ಮೇಳದ ವಿಷಯದಲ್ಲಿ ಹಾರ್ಮೋನಿಯಂ, ತಾಳ, ಬಲಗೈಯ ತಬಲಾ ಇವಿಷ್ಟೇ ಇದ್ದುವೆಂದೂ, ಎಡಗೈಯ ಡಗ್ಗಾ ಇರಲಿಲ್ಲವೆಂದೂ ನಮೂದಾಗಿತ್ತು. ನಾವು ಅದಕ್ಕೆ ಸಹಿ ಹಾಕಿದೆವು. ಅಷ್ಟೇ ಅಲ್ಲ, ಡಗ್ಗಾವಿಲ್ಲದ ಮೇಳವು ಯಾವುದೋ ಹಳೆಯ ಪದ್ಧತಿಯ ಅವಶೇಷವಾಗಿರಬಹುದೆಂಬ ಊಹೆಯೊಂದನ್ನು ವಿಭಾಗದ ಗೋಷ್ಠಿಯಲ್ಲಿ ಸಾಕಷ್ಟು ಗಂಭೀರವಾಗಿಯೇ ಮಂಡಿಸಿದೆವು. ಕೆಲವು ತಿಂಗಳ ಮೇಲೆ ಅದೇ ಮುದ್ರಿಕೆಯನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಡಗ್ಗಾ ಮೊದಲಿನಿಂದ ಕೊನೆಯವರೆಗೂ ಗುಮ್ಮೆನ್ನುತ್ತಿತ್ತು! ಫೋನಿನ ಬೆರಳಗಲದ ಧ್ವನಿವರ್ಧಕವು ಅದನ್ನು ನುಡಿಸಿರಲಿಲ್ಲ, ಅಷ್ಟೆ.

ಮಂದ್ರನಾದವು ಧ್ವನಿಮುದ್ರಿಕೆಯನ್ನು ಹೇಗೆ ಸೇರುತ್ತದೆ, ಅಲ್ಲಿಂದ ಕೇಳುವವನ ಕಿವಿಯನ್ನು ಹೇಗೆ ಮುಟ್ಟುತ್ತದೆ ಅಥವಾ ಮುಟ್ಟದೆ ಉಳಿಯುತ್ತದೆ ಎಂಬುದನ್ನು ಅರಿಯುವ ಅವಶ್ಯಕತೆ ನಮಗೆ ಒದಗಿದ್ದು ಹೀಗೆ. ನಮ್ಮ ಸೀಮೆಯ ವಾದ್ಯಗಳ ಮುದ್ರಣವನ್ನು ಕುರಿತು ಬರೆದಿಟ್ಟವರು ವಿರಳ. ಆದರೆ ಒಂದು ವಾದ್ಯದ ವಿಷಯದಲ್ಲಿ ಮಾತ್ರ ತಂತಿ, ಬೆರಳು, ಯಂತ್ರ, ಮುದ್ರಣಶಾಲೆ ಪ್ರತಿಯೊಂದರ ವೃತ್ತಾಂತವೂ ದೊರೆಯುತ್ತದೆ. ಅದು ಅಮೆರಿಕ ಮತ್ತು ಇಂಗ್ಲೆಂಡುಗಳ ರಾಕ್ ಸಂಗೀತದಲ್ಲಿ 1950ರಿಂದ 1970ರ ದಶಕದವರೆಗೆ ಬಳಕೆಯಾದ ವಿದ್ಯುತ್ ಬಾಸ್ ಗಿಟಾರು. ಅದರ ಹಳೆಯ ದನಿಯನ್ನು ಇಂದಿಗೂ ವಾದಕರು ಹಂಬಲಿಸುತ್ತಾರೆ. ಆ ದನಿ ಹೇಗೆ ಸಿದ್ಧಿಸಿತೆಂಬುದೇ ಪ್ರಸ್ತುತ ಲೇಖನದ ವಿಷಯ. ವಾಚಕರಲ್ಲಿ ರಾಕ್ ಸಂಗೀತದ ಪರಿಚಯವಿಲ್ಲದವರೇ ಹೆಚ್ಚೆಂದು ಬಲ್ಲೆವು. ತಂಬೂರಿಯ ಪರಿಚಯವಿದ್ದರೆ ಸಾಕು.

ತಂಬೂರಿಯಿಂದಲೇ ಆರಂಭಿಸುವುದು ಉಚಿತ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇವೆಲ್ಲ ನಮ್ಮ ಸುತ್ತಲಿನ ಊರುಗಳೇ. ತಂಬೂರಿಯಿಲ್ಲದ ದಾಸರ ಚಿತ್ರವನ್ನು ನಾವು ಕಂಡಿಲ್ಲ. ಸಂಗೀತಗಾರರ ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು ಖರ್ಜ. ಗಂಡುದನಿಯ ಶ್ರುತಿಯಲ್ಲಿ ಅದು ಸೆಕೆಂಡಿಗೆ ಸುಮಾರು 65ರಿಂದ 70 ಬಾರಿ ಕಂಪಿಸುತ್ತದೆ. ತಂತಿಯು ಇಡಿಯಾಗಿ ಕಂಪಿಸುವುದಲ್ಲದೆ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಗಳಾಗಿಯೂ ಏಕಕಾಲದಲ್ಲಿ ಕಂಪಿಸುವುದರಿಂದ ಮೂಲಸ್ವರದ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಉಪಸ್ವರಗಳು ಏಳುತ್ತವೆ. ಅಗಲವಾದ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ನೂಲಿನೆಳೆಯಾದ ಜೀವಾಳವು ಈ ಉಪಸ್ವರಗಳನ್ನು ಹೊಡೆದೆಬ್ಬಿಸುತ್ತದೆ. ಮೀಟಿದ ಬಿಂದುವಿನ ದೆಸೆಯಿಂದ ಶಾಸ್ತ್ರರೀತ್ಯಾ ಹುಟ್ಟಬಾರದ ಉಪಸ್ವರಗಳು ಕೂಡ ತಂಬೂರಿ ಮತ್ತು ವೀಣೆಗಳಲ್ಲಿ ಬಲವಾಗಿ ಕೇಳಿಬರುತ್ತವೆಂಬುದನ್ನು ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟರು. ಜೀವಾಳವನ್ನು ತೆಗೆದ ತಂಬೂರಿ ಎಷ್ಟು ಬಡವಾದುದೆಂದು ಕೇಳಿದವರೇ ಬಲ್ಲರು.

ಬಾಸ್ ಗಿಟಾರಿನ ಹಳೆಯ ದನಿಯು ಇದಕ್ಕೆ ತೀರ ವಿರುದ್ಧವಾದ ಮಾರ್ಗದಿಂದ ಹುಟ್ಟಿತು. ಅಲ್ಲಿ ಜೀವಾಳದ ಸ್ಥಾನದಲ್ಲಿದ್ದುದು ಸ್ಪಂಜು.

ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಎಂಬ ವಾದ್ಯವನ್ನು ಹೊರತಂದರು. ಅದುವರೆಗೆ ಕೆಳದನಿಗೆ ಬಳಸುತ್ತಿದ್ದುದು ಆಳೆತ್ತರದ ಡಬಲ್ ಬಾಸ್. ಹೊರುವುದಕ್ಕೂ ಕಷ್ಟ, ನಗಾರಿಗಳ ಮತ್ತು ವಿದ್ಯುತ್ ಗಿಟಾರುಗಳ ನಡುವೆ ಕೇಳಿಸುವುದೂ ಕಷ್ಟ. ಹೊಸ ವಾದ್ಯದಲ್ಲಿ ಪೊಳ್ಳಾದ ಒಡಲಿಲ್ಲ, ಗಟ್ಟಿ ಹಲಗೆಯಿತ್ತು. ತಂತಿಯ ಉದ್ದ 34 ಅಂಗುಲ. ಅತ್ಯಂತ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ 41. ಎಂದರೆ ನಮ್ಮ ಖರ್ಜಕ್ಕಿಂತಲೂ ಕೆಳಗೆ. ತಂತಿಯಡಿಯಲ್ಲಿ ಅಯಸ್ಕಾಂತವೂ ಅದಕ್ಕೆ ಸುತ್ತಿದ ತೆಳುತಂತಿಯ ಸುರುಳಿಯೂ ಇದ್ದು, ಉಕ್ಕಿನ ತಂತಿ ಕಂಪಿಸಿದಂತೆ ಸುರುಳಿಯಲ್ಲಿ ವಿದ್ಯುತ್ತು ಏರಿಳಿಯುತ್ತದೆ. ವಾದ್ಯದ ದನಿಯೆಂದರೆ ವಸ್ತುತಃ ಈ ಏರಿಳಿತವೇ.

ತಂತಿಗಳು ಕುದುರೆಯನ್ನು ಸೇರುವಲ್ಲಿ ಒಂದು ಲೋಹದ ಮುಚ್ಚಳವಿತ್ತು. ಆ ಮುಚ್ಚಳದ ಒಳಮೈಗೆ ಸ್ಪಂಜಿನ ತುಂಡೊಂದನ್ನು ಅಂಟಿಸಿರುತ್ತಿದ್ದರು. ಮುಚ್ಚಳ ಹಾಕಿದೊಡನೆ ಅದು ತಂತಿಗಳ ಮೇಲೆ ಒತ್ತಿ ಕೂರುವುದು. ಇದರಿಂದ ಮೇಲಿನ ಉಪಸ್ವರಗಳು ಹುಟ್ಟುತ್ತಲೇ ಅಡಗಿ, ನಾದದ ಬಾಲ ತುಂಡಾಗಿ, ಡಬಲ್ ಬಾಸಿನಂತೆ ದುಂಡನೆಯ ಗುದ್ದು ಮಾತ್ರ ಉಳಿಯುತ್ತಿತ್ತು. ಹಲವರು ಮುಚ್ಚಳವನ್ನು ಕಿತ್ತು ಸಿಗರೇಟಿನ ಬೂದಿ ಕೊಡಹಲು ಇಟ್ಟುಕೊಂಡರೆಂದೂ, ಅದಕ್ಕೆ ಬೂದಿತಟ್ಟೆಯೆಂಬ ಅಡ್ಡಹೆಸರೇ ಬಂದಿತೆಂದೂ ಹೇಳುವುದುಂಟು. ಮುಚ್ಚಳದೊಡನೆ ಸ್ಪಂಜೂ ಹೋಯಿತೆಂಬುದನ್ನು ಅನೇಕರು ಗಮನಿಸಿರಲಾರರು.

ಎರಡನೆಯದು ತಂತಿಯ ಸಂಗತಿ. ಕೆಳದನಿಗೆ ಭಾರವಾದ ತಂತಿ ಬೇಕು. ಆದರೆ ಒಂದೇ ದಪ್ಪ ಸಲಾಕೆಯಾದರೆ ಬಿರುಸಾಗಿ ನಾದವೇ ಕೆಡುತ್ತದೆ. ಆದಕಾರಣ ತೆಳುವಾದ ಉಕ್ಕಿನ ಎಳೆಯ ಮೇಲೆ ಮತ್ತೊಂದು ಎಳೆಯನ್ನು ಸುತ್ತಿ ಭಾರವನ್ನು ಹೆಚ್ಚಿಸುತ್ತಾರೆ. ಮೃದಂಗದ ಎಡಮುಖಕ್ಕೆ ರವೆಯ ಕಣಕವನ್ನು ಮೆತ್ತಿ ದನಿಯನ್ನು ತಗ್ಗಿಸುವುದೂ ಇದೇ ತತ್ತ್ವ. ಹೊರಸುತ್ತು ಪಟ್ಟಿಯಂತೆ ಚಪ್ಪಟೆಯಾದ ಲೋಹದ್ದಾಗಿದ್ದರೆ ತಂತಿಯ ಮೈ ನುಣುಪಾಗಿ, ಬೆರಳು ಜಾರುವ ಸದ್ದಿಲ್ಲದೆ, ಮೇಲಿನ ಉಪಸ್ವರಗಳು ಮಂಕಾಗುತ್ತವೆ. ಹೊರಸುತ್ತು ದುಂಡಾಗಿದ್ದರೆ ಮೈ ಒರಟು, ದನಿ ಹೊಳಪಿನದು. 1960ರ ದಶಕದ ನಡುವಿನವರೆಗೆ ಬಾಸ್ ಗಿಟಾರಿಗೆ ವಾಡಿಕೆಯಲ್ಲಿದ್ದುದು ಚಪ್ಪಟೆಸುತ್ತಿನ ತಂತಿ. ಅದಕ್ಕೆ ಬೆವರೂ ಕೊಳೆಯೂ ಸೇರಿದಂತೆ ಅಳಿದುಳಿದ ಹೊಳಪೂ ಮಾಯವಾಗುತ್ತದೆ.

ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ವಾದಕ ಜೇಮ್ಸ್ ಜೇಮರ್‌ಸನ್ ಈ ಮಂಕನ್ನೇ ಸಂಪತ್ತನ್ನಾಗಿ ಮಾಡಿಕೊಂಡವರು. ಮೋಟೌನಿನ ಹಾಡುಗಳು ಕಟ್ಟುನಿಟ್ಟಾಗಿ ರಾಕ್ ಸಂಗೀತವಲ್ಲದಿದ್ದರೂ ರಾಕ್ ವಾದಕರು ಕಲಿತದ್ದು ಅಲ್ಲಿಂದಲೇ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರು ಈ ಋಣವನ್ನು ಬಹಿರಂಗವಾಗಿ ಒಪ್ಪಿದ್ದಾರೆ. ಜೇಮರ್‌ಸನ್ನರು ಡಬಲ್ ಬಾಸಿನಲ್ಲಿ ಕೈ ಪಳಗಿಸಿಕೊಂಡವರಾದ್ದರಿಂದ ವಿದ್ಯುತ್ ವಾದ್ಯವನ್ನೂ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ವಾದ್ಯ 1962ರ ಪ್ರಿಸಿಷನ್ ಬಾಸ್. ತಂತಿಗಳು ದಪ್ಪವಾದ ಚಪ್ಪಟೆಸುತ್ತಿನವು. ಅವು ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಮುಚ್ಚಳದಡಿಯ ಸ್ಪಂಜನ್ನೂ ಅವರು ತೆಗೆಯಲಿಲ್ಲ. ಅಲ್ಲಿನ ಮುದ್ರಣಶಾಲೆ ಒಂದು ಮನೆಗೆ ಸೇರಿದ ಇಕ್ಕಟ್ಟಾದ ಕೋಣೆ. ಧ್ವನಿವರ್ಧಕದ ಮುಂದೆ ಮೈಕನ್ನಿರಿಸುವ ಬದಲು ಗಿಟಾರಿನ ವಿದ್ಯುತ್ತನ್ನೇ ನೇರವಾಗಿ ಮುದ್ರಣಯಂತ್ರದ ಮೇಜಿಗೆ ಕೊಡುವ ಪದ್ಧತಿಯನ್ನು ಅಲ್ಲಿ ರೂಢಿಸಿಕೊಂಡಿದ್ದರು. ಕೋಣೆಯ ಗದ್ದಲವೂ ಧ್ವನಿವರ್ಧಕದ ದೋಷವೂ ನಡುವೆ ಬರಲಿಲ್ಲ. ಮೇಜಿನ ವರ್ಧಕಗಳು ತುಸು ಮಿತಿಮೀರಿ ದುಡಿದಾಗ ದನಿಗೆ ಒಂದು ಬಿಸುಪು ಸೇರುತ್ತಿತ್ತು.

ಲಾಸ್ ಏಂಜಲಿಸಿನ ಕ್ಯಾರಲ್ ಕೇ ಎಂಬ ವಾದಕಿಯ ಮಾರ್ಗ ಬೇರೆ. ಅವರು ತಂತಿಗಳ ಮೇಲೆ ಫೆಲ್ಟ್ ಬಟ್ಟೆಯ ತುಂಡನ್ನಿಟ್ಟು, ಬೆರಳಿನ ಬದಲು ಗಟ್ಟಿಯಾದ ಪಿಕ್ಕಿನಿಂದ ಮೀಟುತ್ತಿದ್ದರು. ಬಟ್ಟೆಯು ನಾದವನ್ನು ಅಡಗಿಸಿದರೆ ಪಿಕ್ಕು ಪ್ರತಿಯೊಂದು ಸ್ವರದ ಮೊದಲಿಗೆ ಟಕ್ಕೆಂಬ ಅಂಚನ್ನು ಕೊಡುತ್ತದೆ. ಬೀಚ್ ಬಾಯ್ಸ್ ತಂಡದ 1966ರ ಪೆಟ್ ಸೌಂಡ್ಸ್ ಎಂಬ ಮುದ್ರಿಕೆಯಲ್ಲಿ ಈ ದನಿಯನ್ನು ಕೇಳಬಹುದು. ಅದೇ ಕಾಲದಲ್ಲಿ ಡಬಲ್ ಬಾಸಿನೊಡನೆ ಆರು ತಂತಿಗಳ ಬಾಸ್ ಗಿಟಾರನ್ನು ಒತ್ತಿಹಿಡಿದು ಒಂದೇ ಸ್ವರಗಳನ್ನು ನುಡಿಸಿ, ಒಂದರಿಂದ ಗುಮ್ಮೆಂಬ ಮೈಯನ್ನೂ ಮತ್ತೊಂದರಿಂದ ಟಿಕ್ ಎಂಬ ಅಂಚನ್ನೂ ಪಡೆಯುವ ಉಪಾಯವೂ ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಈ ಅಂಚು ಏಕೆ ಬೇಕಾಯಿತು? ನಮ್ಮ ಡಗ್ಗಾದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ.

ಗ್ರಾಮಫೋನ್ ತಟ್ಟೆಯು ಮಂದ್ರನಾದಕ್ಕೆ ಎಂದೂ ಸ್ನೇಹಿತನಾಗಿರಲಿಲ್ಲ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಾರಿಕೆಯನ್ನು ಮುದ್ರಿಸಿದಾಗ ವಿದ್ಯುತ್ತಿನ ನೆರವಿರಲಿಲ್ಲ. ತುತ್ತೂರಿಯಂಥ ಕೊಳವೆಯೊಳಗೆ ಹಾಡಿದರೆ ಆ ಗಾಳಿಯ ಬಲವೇ ಮುಳ್ಳನ್ನು ಅಲುಗಿಸಿ ಗೀರು ಕೊರೆಯಬೇಕು. ಗಾಯಕನ ಕಂಠ ಇದಕ್ಕೆ ಸಾಲುತ್ತಿತ್ತು, ತಂಬೂರಿಯ ಖರ್ಜ ಸಾಲುತ್ತಿರಲಿಲ್ಲ. ಪಾಶ್ಚಾತ್ಯ ವಾದ್ಯಮೇಳಗಳನ್ನು ಮುದ್ರಿಸುವಾಗ ಡಬಲ್ ಬಾಸನ್ನು ಹೊರಗಿರಿಸಿ ಅದರ ಸ್ವರಗಳನ್ನು ಟ್ಯೂಬಾ ಎಂಬ ದೊಡ್ಡ ಕಹಳೆಯಿಂದ ಊದಿಸುತ್ತಿದ್ದರು. ಆ ತಟ್ಟೆಗಳನ್ನು ಕೇಳಿ, ಅಂದಿನ ಮೇಳಗಳಲ್ಲಿ ಡಬಲ್ ಬಾಸ್ ಇರಲಿಲ್ಲವೆಂದು ಯಾರಾದರೂ ಬರೆದರೆ ಅವರದು ನಮ್ಮ ತಪ್ಪೇ.

1925ರಲ್ಲಿ ಮೈಕು ಮತ್ತು ವಿದ್ಯುತ್ ವರ್ಧಕಗಳು ಬಂದಮೇಲೆ ಕೆಳದನಿಗೆ ಬಾಗಿಲು ತೆರೆಯಿತು, ಆದರೆ ಪೂರ್ತಿಯಾಗಿ ಅಲ್ಲ. ಕೊರೆಯುವ ಮುಳ್ಳು ಒಂದೇ ವೇಗದಲ್ಲಿ ತೂಗುತ್ತಿರುವಾಗ ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ ಅದರ ತೂಗಾಟದ ಅಗಲ ಎರಡರಷ್ಟಾಗುತ್ತದೆ. ಹಾಗೆಯೇ ಬಿಟ್ಟರೆ ಒಂದು ಗೀರು ಪಕ್ಕದ ಗೀರಿಗೆ ಹಾಯುವುದು, ಇಲ್ಲವೆ ಕೇಳುವವನ ಮನೆಯಲ್ಲಿ ಮುಳ್ಳೇ ಗೀರಿನಿಂದ ಹಾರುವುದು. ಅದಕ್ಕಾಗಿ ಕೊರೆಯುವಾಗ ಕೆಳದನಿಯನ್ನು ತಗ್ಗಿಸಿ, ನುಡಿಸುವಾಗ ಅಷ್ಟೇ ಏರಿಸುವ ಕ್ರಮವನ್ನು ಅನುಸರಿಸಿದರು. ಅಮೆರಿಕದ ತಯಾರಕರು ಈ ಏರಿಳಿತಕ್ಕೆ 1954ರಲ್ಲಿ ಒಂದೇ ಅಳತೆಯನ್ನು ಗೊತ್ತುಮಾಡಿಕೊಂಡರು. ಇಷ್ಟಾದರೂ ಕೊರೆಯುವವರ ಅಂಜಿಕೆ ಉಳಿದೇ ಇತ್ತು. ಲಂಡನ್ನಿನ ಇ.ಎಂ.ಐ. ಸಂಸ್ಥೆಯಲ್ಲಿ ಮುಳ್ಳು ಹಾರೀತೆಂಬ ಭಯದಿಂದ ಬಾಸಿನ ಪ್ರಮಾಣವನ್ನು ಬಹಳ ಹತೋಟಿಯಲ್ಲಿಡುತ್ತಿದ್ದರು. ಅಮೆರಿಕದ ತಟ್ಟೆಗಳಲ್ಲಿ ಬಾಸು ತಮ್ಮದಕ್ಕಿಂತ ಜೋರಾಗಿರುವುದನ್ನು ಕೇಳಿ ಬೀಟಲ್ಸ್ ತಂಡದವರು ಅಸಮಾಧಾನಗೊಂಡಿದ್ದರು.

ಈ ಕಟ್ಟು ಸಡಿಲಿದ್ದು 1966ರ ಏಪ್ರಿಲಿನಲ್ಲಿ, ಪೇಪರ್‌ಬ್ಯಾಕ್ ರೈಟರ್ ಎಂಬ ಹಾಡಿನ ಮುದ್ರಣದಲ್ಲಿ. ಅಲ್ಲಿಯವರೆಗೆ ಮೆಕಾರ್ಟ್ನಿಯವರ ಮುಖ್ಯ ವಾದ್ಯ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡಿದ್ದ, ಪೊಳ್ಳು ಒಡಲಿನ, ಗಿಡ್ಡ ತಂತಿಯ ಹೋಫ್‌ನರ್. ದನಿ ಮೆತ್ತಗೆ, ಮೊಂಡಾಗಿ ಇರುತ್ತಿತ್ತು. ಈ ಹಾಡಿಗೆ ಅವರು ಗಟ್ಟಿ ಮೈಯ ರಿಕನ್‌ಬ್ಯಾಕರ್ ವಾದ್ಯವನ್ನು ಕೈಗೆತ್ತಿಕೊಂಡರು. ಅದನ್ನು ಮುದ್ರಿಸುವ ಹೊಣೆ ಜೆಫ್ ಎಮೆರಿಕ್ ಎಂಬ ಎಳೆಯ ತಂತ್ರಜ್ಞರದು. ಆಗ ಅವರ ವಯಸ್ಸು 20. ಸಾಮಾನ್ಯ ಮೈಕಿನ ಬದಲಿಗೆ ದೊಡ್ಡ ಧ್ವನಿವರ್ಧಕವೊಂದನ್ನೇ ಬಾಸಿನ ಧ್ವನಿವರ್ಧಕದ ಎದುರಿಗಿಟ್ಟು ಅದನ್ನು ಮೈಕಿನಂತೆ ಬಳಸಿದರು. ಧ್ವನಿವರ್ಧಕವೂ ಮೈಕೂ ಒಂದೇ ಯಂತ್ರದ ಎರಡು ಮುಖಗಳಷ್ಟೆ: ಒಂದರಲ್ಲಿ ವಿದ್ಯುತ್ತು ಪೊರೆಯನ್ನು ಅಲುಗಿಸುತ್ತದೆ, ಇನ್ನೊಂದರಲ್ಲಿ ಪೊರೆಯ ಅಲುಗಾಟ ವಿದ್ಯುತ್ತನ್ನು ಹುಟ್ಟಿಸುತ್ತದೆ. ಪೊರೆ ದೊಡ್ಡದಾದಷ್ಟೂ ಮಂದ್ರನಾದಕ್ಕೆ ಹೆಚ್ಚು ಸ್ಪಂದಿಸುವುದು. ಮರುವರ್ಷದ ಸಾರ್ಜೆಂಟ್ ಪೆಪ್ಪರ್ ಮುದ್ರಿಕೆಯ ಹಲವು ಹಾಡುಗಳಲ್ಲಿ ಉಳಿದೆಲ್ಲ ವಾದ್ಯಗಳ ಮುದ್ರಣ ಮುಗಿದಮೇಲೆ ಬಾಸನ್ನು ಪ್ರತ್ಯೇಕವಾಗಿ, ಕೊನೆಗೆ ಸೇರಿಸಿದರು. ಅಂದಮೇಲೆ ಅದರ ಪ್ರಮಾಣವನ್ನು ಸ್ವತಂತ್ರವಾಗಿ ಹದಗೊಳಿಸುವುದು ಸಾಧ್ಯವಾಯಿತು.

1966ರಲ್ಲಿಯೇ ಮತ್ತೊಂದು ತಿರುವು. ಹೂ ತಂಡದ ಜಾನ್ ಎಂಟ್ವಿಸಲ್ ಅವರ ಸಹಕಾರದಿಂದ ರೋಟೋಸೌಂಡ್ ಎಂಬ ಇಂಗ್ಲಿಷ್ ಸಂಸ್ಥೆ ದುಂಡುಸುತ್ತಿನ ಬಾಸ್ ತಂತಿಗಳನ್ನು ರೂಪಿಸಿತು. ಉಪಸ್ವರಗಳು ಪಿಯಾನೋದ ಕೆಳದನಿಯಲ್ಲಿರುವಂತೆ ಮೊಳಗಿದವು. ಯೆಸ್ ತಂಡದ ಕ್ರಿಸ್ ಸ್ಕ್ವಯರ್ ಇಂಥ ತಂತಿಗಳನ್ನು ರಿಕನ್‌ಬ್ಯಾಕರಿಗೆ ಕಟ್ಟಿ, ಪಿಕ್ಕಿನಿಂದ ಮೀಟಿ, 1971ರ ರೌಂಡ್‌ಅಬೌಟ್ ಎಂಬ ಹಾಡಿನಲ್ಲಿ ಕೇಳಿಸಿದ ದನಿಗೂ ಜೇಮರ್‌ಸನ್ನರ ದನಿಗೂ ಇರುವ ಅಂತರ ಅಪಾರ. ಹದಿನೈದು ವರ್ಷ ಸ್ಪಂಜಿನಡಿ ಅಡಗಿಸಿದ್ದನ್ನೇ ಈಗ ಹುರಿದುಂಬಿಸಿ ಎಬ್ಬಿಸಿದಂತಾಯಿತು. ನಮ್ಮ ದೃಷ್ಟಿಯಿಂದ ಹೇಳುವುದಾದರೆ, ಬಾಸ್ ಗಿಟಾರು ಜೀವಾಳದ ಮಾರ್ಗಕ್ಕೆ ಹೊರಳಿತು. ಇವೆರಡರಲ್ಲಿ ಯಾವುದು ನಿಜವಾದ ಹಳೆಯ ದನಿಯೆಂದು ವಾದಿಸುವವರುಂಟು. ಆ ವಾದ ನಮಗೆ ನಿರರ್ಥಕವೆಂದು ತೋರುತ್ತದೆ. ಕೇಳಲು ನಮಗೆ ಹಿತವಾಗುವುದು ಮೊದಲನೆಯದೆಂಬುದನ್ನು ಮಾತ್ರ ಮರೆಮಾಚುವುದಿಲ್ಲ.

ಉಪಸ್ವರಗಳ ಹೆಚ್ಚಳದಿಂದ ಲಾಭವಾದದ್ದು ಚಿಕ್ಕ ರೇಡಿಯೋ ಇಟ್ಟುಕೊಂಡವನಿಗೆ. ಅಂಗೈಯಗಲದ ಧ್ವನಿವರ್ಧಕವು ಸೆಕೆಂಡಿಗೆ 41 ಕಂಪನದ ಮೂಲಸ್ವರವನ್ನು ಎಷ್ಟು ಮಾತ್ರಕ್ಕೂ ಹೊರಡಿಸಲಾರದು. ಆದರೆ ಕಿವಿಯ ಸ್ವಭಾವ ವಿಚಿತ್ರವಾದುದು. 123, 164, 205 ಹೀಗೆ 41ರ ಅಂತರದಲ್ಲಿ ಏರುವ ಉಪಸ್ವರಗಳು ಒಟ್ಟಿಗೆ ಕೇಳಿದರೆ ಇಲ್ಲದ ಆ 41ನ್ನು ಮನಸ್ಸು ತಾನೇ ತುಂಬಿಕೊಂಡು ಕೆಳದನಿಯನ್ನೇ ಕೇಳಿದೆನೆಂದು ನಂಬುತ್ತದೆ. ಉಪಸ್ವರಗಳೇ ಬಡವಾಗಿದ್ದರೆ ನಂಬಲು ಆಸರೆಯಿಲ್ಲ. ಮೋಟೌನ್ ಸಂಸ್ಥೆಯಲ್ಲಿ ಹಾಡನ್ನು ಹೊರಡಿಸುವ ಮುನ್ನ ಕಾರಿನ ರೇಡಿಯೋದಂಥ ಸಣ್ಣ ಧ್ವನಿವರ್ಧಕದಲ್ಲಿ ಕೇಳಿ ಪರೀಕ್ಷಿಸುತ್ತಿದ್ದುದು ಇದೇ ಕಾರಣಕ್ಕೆ. ಪಿಕ್ಕಿನ ಟಕ್ಕೂ, ಅತಿದುಡಿಮೆಯಿಂದ ಮೇಜಿನ ವರ್ಧಕ ಸೇರಿಸುವ ಬಿಸುಪೂ ಮಾಡುತ್ತಿದ್ದುದು ಈ ಆಸರೆಯ ಕೆಲಸವನ್ನೇ. ನಮ್ಮಲ್ಲಿಯೂ ಕನ್ನಡ ಚಿತ್ರಗೀತೆಗಳ ಬಾಸ್ ಗಿಟಾರನ್ನು ಚಿತ್ರಮಂದಿರದಲ್ಲಿ ಕೇಳಿದ ಅನುಭವವೇ ಬೇರೆ, ಮನೆಯ ಟ್ರಾನ್ಸಿಸ್ಟರಿನಲ್ಲಿ ಕೇಳಿದ್ದೇ ಬೇರೆ. ಇಳಯರಾಜ ಅವರು ಸಂಗೀತ ನೀಡಿದ 1981ರ ಗೀತಾ ಚಿತ್ರದ ಹಾಡುಗಳನ್ನು ಎರಡೂ ರೀತಿಯಲ್ಲಿ ಕೇಳಿ ನೋಡಿದರೆ ವಾಚಕರಿಗೆ ಇದು ತಾನಾಗಿ ಮನದಟ್ಟಾಗುವುದು.

ಇನ್ನು ಡಗ್ಗಾಕ್ಕೆ ಮರಳೋಣ. ತಂಬೂರಿಯ ಖರ್ಜವನ್ನು ಫೋನಿನಲ್ಲಿ ಕೇಳಿದರೂ ಅದರ ಇರವು ತಿಳಿಯುತ್ತದೆ, ಜೀವಾಳವು ಎಬ್ಬಿಸಿದ ಉಪಸ್ವರಗಳು ಅದನ್ನು ಹೊತ್ತು ತರುತ್ತವೆ. ಡಗ್ಗಾದ ಗುಮಕಿ ಹಾಗಲ್ಲ. ಅದರ ಬಲವೆಲ್ಲ ಕೆಳಗಿನ ಮೂಲದನಿಯಲ್ಲಿದೆ. ಸ್ಪಂಜು ಹಾಕಿದ ಬಾಸಿನಂತೆ ಅದು ಚಿಕ್ಕ ಧ್ವನಿವರ್ಧಕದಲ್ಲಿ ಸುಳಿವೇ ಕೊಡದೆ ಅಡಗುತ್ತದೆ. ರಾಯಚೂರು ನಗರದಲ್ಲಿ ತಬಲಾ ದುರಸ್ತಿ ಮಾಡುವ ಹಿರಿಯರೊಬ್ಬರಲ್ಲಿ ನಮ್ಮ ತಪ್ಪನ್ನು ನಿವೇದಿಸಿಕೊಂಡಾಗ ಅವರು ನಕ್ಕು, ಡಗ್ಗಾದ ಮೇಲೆ ಕೈಯಿಟ್ಟು, “ಅರ್ಧ ದನಿ ಚರ್ಮದಾಗ ಇರ್ತದ್ರಿ ಸರ, ಇನ್ನರ್ಧ ಈ ಅಂಗೈದಾಗ” ಎಂದರು. ಅಂಗೈಯ ಬುಡವನ್ನು ಒತ್ತಿ ಸರಿಸಿದಾಗ ಚರ್ಮ ಬಿಗಿಯಾಗಿ ದನಿ ಏರುವುದನ್ನು ತೋರಿಸಿಯೂ ಕೊಟ್ಟರು. ಜೇಮರ್‌ಸನ್ನರ ತೋರುಬೆರಳನ್ನು ಕುರಿತು ಓದಿದ್ದೆಲ್ಲ ಆಗ ನಮಗೆ ಸ್ಪಷ್ಟವಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಗೋಷ್ಠಿಯಲ್ಲಿ ಮಂಡಿಸಿದ ಊಹೆಯನ್ನು ನಾವು ಹಿಂದಕ್ಕೆ ಪಡೆದಿದ್ದೇವೆ. ವಾದ್ಯಗಳ ಪಟ್ಟಿಯಲ್ಲಿ ಈಗ ಎರಡು ಹೊಸ ಕಲಮುಗಳಿವೆ: ಮುದ್ರಿಸಿದ ಯಂತ್ರ ಯಾವುದು, ಕೇಳಿದ ಯಂತ್ರ ಯಾವುದು. ದೇವದುರ್ಗದ ಮುದ್ರಿಕೆಗಳನ್ನು ಮೊದಲಿನಿಂದ ಮತ್ತೆ ಕೇಳುವ ಕೆಲಸ ನಡೆದಿದೆ. ಮಾನ್ವಿಯ ಆ ಮುದ್ರಿಕೆಯ ಎರಡನೆಯ ಹಾಡಿನಲ್ಲಿ, ಪಲ್ಲವಿಗೆ ಮರಳುವ ಪ್ರತಿಸಲವೂ, ಡಗ್ಗಾದವರು ಅಂಗೈ ಸರಿಸಿ ದನಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ. ಅದನ್ನು ಪಟ್ಟಿಯಲ್ಲಿ ಹೇಗೆ ಗುರುತಿಸಬೇಕೆಂಬುದು ಇನ್ನೂ ನಿರ್ಧಾರವಾಗಿಲ್ಲ.